ಹೋದ ವರ್ಷದಂತೆಯೇ

ಸಟನ್, ಲಂಡನ್
2 ನವೆಂಬರ್ 2025, ಭಾನುವಾರ

ಪ್ರಿಯ ಉದಯ,

ಸೆಪ್ಟೆಂಬರ್ ಮೊದಲ ವಾರ ನೀನು ಕಳಿಸಿದ ಮೂರು ನಿಮಿಷದ ವಾಯ್ಸ್ ಮೆಸೇಜಿಗೆ ನಾನು ನವೆಂಬರಿನಲ್ಲಿ ಉತ್ತರ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಕೆಲಸದ ಒತ್ತಡ ಎಂದು ಬರೆದರೆ ನೀನು ನಂಬುತ್ತೀ. ತೆರಿಗೆ ಲೆಕ್ಕ ಮಾಡುವವರಿಗೆ ವರ್ಷವಿಡೀ ಒತ್ತಡ ಇರುತ್ತದೆ ಎಂದು ಜನ ಅದೇಕೋ ನಂಬಿಕೊಂಡಿದ್ದಾರೆ. ಕೆಲಸವೇನೂ ಇರಲಿಲ್ಲ. ನಿನ್ನ ಮೆಸೇಜನ್ನು ಏಳೆಂಟು ಸಲ ಕೇಳಿದೆ, ಪ್ರತಿ ಸಲವೂ ಫೋನನ್ನು ಮಗುಚಿ ಇಟ್ಟೆ.

ವಂದನಾ ನೋಡಿ ನೋಡಿ ಕೊನೆಗೆ ಹೇಳಿದಳು: "ಫೋನ್ ಮಾಡ್ಬೇಡಿ. ಫೋನಲ್ಲಾದ್ರೆ ಅರ್ಧ ಹೇಳ್ತೀರಿ, ಇನ್ನರ್ಧ ತಮಾಷೆ ಮಾಡಿ ಮುಗಿಸ್ಬಿಡ್ತೀರಿ. ಕೂತ್ಕೊಂಡು ಬರೀರಿ." ಮೂವತ್ತೊಂದು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು, ತಪ್ಪೇನೂ ಹೇಳಲಿಲ್ಲ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಈ ನಾಲ್ಕು ವರ್ಷದಲ್ಲಿ ನಿನಗೆ ಬರೆದ ಪತ್ರಗಳೆಲ್ಲ ಇಂಗ್ಲಿಷಿನವು, ಆಫೀಸಿನ ಲೆಟರ್‌ಹೆಡ್ ಮೇಲೆ "ಡಿಯರ್ ಮಿಸ್ಟರ್ ಉದಯಶಂಕರ್" ಎಂದು ಶುರುವಾಗುವಂಥವು. ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಎರಡು ವರ್ಷ ಬಾಡಿಗೆಗಿದ್ದು, ನನ್ನ ಬನಿಯನ್ನನ್ನೂ ನಿನ್ನದೆಂದು ಹಾಕಿಕೊಂಡು ಹೋಗುತ್ತಿದ್ದವನಿಗೆ ಮಿಸ್ಟರ್ ಎಂದು ಬರೆಯುವಾಗ ನನಗೆ ನಗು ಬರುತ್ತಿತ್ತು. ಈಗ ಆ ಪತ್ರಗಳನ್ನು ನೆನೆಸಿಕೊಂಡರೆ ನಗು ಬರುವುದಿಲ್ಲ.

ಇಲ್ಲಿ ನಾವಿಬ್ಬರೂ ಇದ್ದೇವೆ. ನನ್ನ ಮಂಡಿ ನೋವಿಗೆ ಜಿಪಿ ಡಾಕ್ಟರು ಜನವರಿಯಲ್ಲಿ ಬರಲು ಹೇಳಿದ್ದಾರೆ, ಅಷ್ಟರೊಳಗೆ ಮಂಡಿಯೇ ತನ್ನಷ್ಟಕ್ಕೆ ಏನಾದರೂ ತೀರ್ಮಾನ ಮಾಡುತ್ತದೆ. ಕಳೆದ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆವು, ನಾಲ್ಕೂವರೆಗೆಲ್ಲ ಕತ್ತಲು. ಡ್ರೈಕ್ಲೀನರ್ ಅಂಗಡಿಯ ಮೇಲಿನ ನನ್ನ ಆಫೀಸನ್ನು ಬರುವ ಮಾರ್ಚಿಗೆ ಮುಚ್ಚುತ್ತಿದ್ದೇನೆ. ಅರವತ್ಮೂರಾಯಿತು. ಇನ್ನು ಮುಂದೆ ಇನ್ನೊಬ್ಬರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಅದು ಯಾಕೆ ಎಂಬುದೇ ಈ ಪತ್ರ.

ಮೊದಲು ನೀನು ಮಗಳ ಬಗ್ಗೆ ಕೇಳಿದ್ದಕ್ಕೆ ಉತ್ತರ. ಪ್ರೇಕ್ಷಾ ಲೀಡ್ಸ್‌ನಿಂದ ಈ ವಾರಾಂತ್ಯ ಬಂದಿದ್ದಳು, ನಿನ್ನೆ ಮಧ್ಯಾಹ್ನ ನಮ್ಮಲ್ಲಿಗೂ ಬಂದಳು. ಸ್ವಲ್ಪ ಸೊರಗಿದ್ದಾಳೆ, ಕೂದಲು ಕತ್ತರಿಸಿಕೊಂಡಿದ್ದಾಳೆ. ವಂದನಾ ಗೊಜ್ಜವಲಕ್ಕಿ ಮಾಡಿದ್ದಳು, ಎರಡು ಸಲ ಹಾಕಿಸಿಕೊಂಡು ತಿಂದಳು. ಆಮೇಲೆ ನಾನು ನಿನ್ನ ಮೆಸೇಜನ್ನು ಅವಳಿಗೆ ಕೇಳಿಸಿದೆ. "ಅವಳಿಗೆ ಹದಿನೆಂಟು ಆಯ್ತಲ್ಲ ಮಾರಾಯ, ಇನ್ನು ದಿನ ಎಣಿಸುವ ಕೆಲಸ ಇಲ್ಲ. ಡಿಸೆಂಬರ್ ಪೂರ್ತಿ ರಜೆ ಹಾಕಿ ಬರ್ತೇನೆ. ನೀನೊಮ್ಮೆ ಹೇಳು ಅವಳಿಗೆ, ನಾನು ಹೇಳಿದ್ರೆ ಫೋನೇ ತೆಗೀತಿಲ್ಲ" ಎಂದು ನೀನು ಹೇಳಿದ್ದು ಪೂರ್ತಿ ಕೇಳಿದಳು. ತಟ್ಟೆ ತೊಳೆದಿಟ್ಟಳು. ಕೈ ಒರೆಸಿಕೊಳ್ಳುತ್ತ, "ಟೆಲ್ ಹಿಮ್ ಐ ಡೋಂಟ್ ಕೌಂಟ್ ಎನಿಮೋರ್" ಎಂದಳು. ನಾನು ಎಣಿಸುವುದನ್ನು ಬಿಟ್ಟೆ ಎಂದಳೋ, ನಾನೇ ಎಣಿಕೆಯಲ್ಲಿಲ್ಲ ಎಂದಳೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಡಿಸೆಂಬರಿನಲ್ಲಿ ಅವಳು ನಿನ್ನನ್ನು ನೋಡುವುದಿಲ್ಲವಂತೆ. ಟಿಕೆಟ್ ತೆಗೆಯಬೇಡ ಎಂದು ನಿನಗೆ ತಿಳಿಸಬೇಕಂತೆ.

ಉದಯ, ಅವಳು ನಿನ್ನ ಮೇಲೆ ಇಟ್ಟಿರುವ ಈ ಸಿಟ್ಟು ನಿನಗೆ ಸಲ್ಲಬೇಕಾದ್ದಲ್ಲ, ನನಗೆ ಸಲ್ಲಬೇಕಾದ್ದು. ಅದನ್ನು ವಿವರಿಸಲು ನಿನಗೆ ಗೊತ್ತಿರುವ ಕೆಲವನ್ನೂ ಮತ್ತೆ ಬರೆಯುತ್ತೇನೆ. ಈ ಪತ್ರವನ್ನು ನೀನು ವೈದೇಹಿಗೆ ತೋರಿಸಬೇಕು. ನೀವಿಬ್ಬರೂ ಬೇರೆಯಾಗಿ ಐದು ವರ್ಷವಾಗಿದ್ದರೂ ಅವಳು ನಿನ್ನ ಮಾತನ್ನು ಪ್ರೇಕ್ಷಾಳ ತಾಯಿಯಾಗಿ ಕೇಳುವವಳು. ಅವಳು ಮಗಳನ್ನು ಕೂರಿಸಿಕೊಂಡು ಓದಿ ಹೇಳಲಿ. ಹುಡುಗಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ.

ನೀನು ದುಬೈಗೆ ಹೊರಟದ್ದು 2021ರ ಏಪ್ರಿಲ್‌ನಲ್ಲಿ. ಎರಡು ವರ್ಷದ ಕೆಲಸ, ಆಮೇಲೆ ವಾಪಸ್ಸು ಎಂದಿದ್ದೆ. ಪ್ರೇಕ್ಷಾಗೆ ಆಗ ಹದಿಮೂರು, ಇಲ್ಲಿಯ ಗ್ರಾಮರ್ ಸ್ಕೂಲಿನಲ್ಲಿ ಸೀಟು ಸಿಕ್ಕಿ ಎರಡು ವರ್ಷವಾಗಿತ್ತು, ಅವಳನ್ನು ಕದಲಿಸುವ ಮಾತೇ ಇರಲಿಲ್ಲ. ಹೊರಗೆ ಕೆಲಸಕ್ಕೆ ಹೋದವನು ತೆರಿಗೆಯ ಮಟ್ಟಿಗೆ ಇಲ್ಲಿಯ ನಿವಾಸಿಯೋ ಅಲ್ಲವೋ ಎಂಬುದನ್ನು ಪ್ರತಿ ವರ್ಷ ಏಪ್ರಿಲ್ ಆರರಿಂದ ಮುಂದಿನ ಏಪ್ರಿಲ್ ಐದರವರೆಗೆ ಲೆಕ್ಕ ಹಾಕಿ ತೀರ್ಮಾನಿಸಬೇಕು. ಎಷ್ಟು ದಿನ ಇಲ್ಲಿದ್ದ, ಇಲ್ಲಿ ಅವನಿಗೆ ಎಷ್ಟು "ಟೈ" ಇವೆ ಎಂದು ನೋಡುತ್ತಾರೆ. ಟೈ ಎಂದರೆ ನಂಟು. ಉಳಿಯಲು ಮನೆಯಿದ್ದರೆ ಒಂದು ನಂಟು. ಹಿಂದಿನ ವರ್ಷಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ದಿನ ಇಲ್ಲಿ ಕಳೆದಿದ್ದರೆ ಇನ್ನೊಂದು. ಹದಿನೆಂಟು ತುಂಬದ ಮಗು ಇಲ್ಲಿದ್ದರೆ ಮತ್ತೊಂದು. ಆದರೆ ಆ ಮಗುವನ್ನು ಇಲ್ಲಿ ವರ್ಷಕ್ಕೆ ಅರವತ್ತು ದಿನದವರೆಗೆ ಮಾತ್ರ ಮುಖತಃ ನೋಡಿದರೆ ಆ ನಂಟು ಇಲ್ಲವೆಂದೇ ಲೆಕ್ಕ. ಅರವತ್ತೊಂದನೆಯ ದಿನ ಕಂಡೆಯೋ, ನಂಟು ಬಂತು. ಐದು ನಿಮಿಷ ಕಂಡರೂ ಅದು ಒಂದು ದಿನ.

ನೀನು ಅಲ್ಲಿಗೆ ಹೋದ ವರ್ಷವೇ ದುಬೈಯ ಆ ಮೊದಲ ಕಂಪನಿ ಮುಚ್ಚಿತು. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ನೀನು ಕೆಲಸವಿಲ್ಲದೆ ಕೂತಿದ್ದೆ. ಹಾಗೆ ನಡುವೆ ಕೆಲಸ ತಪ್ಪಿದವನಿಗೆ ನಂಟುಗಳ ಲೆಕ್ಕ ಅನ್ವಯಿಸುತ್ತದೆ. ನಿನಗೆ ಎರಡು ನಂಟು ಆಗಲೇ ಇದ್ದವು, ಮೂರನೆಯದು ಸೇರಿದರೆ ಅಲ್ಲಿಯ ಸಂಬಳಕ್ಕೆಲ್ಲ ಇಲ್ಲಿ ತೆರಿಗೆ. ಅದಕ್ಕೇ ನಾನು ಬರೆದೆ: ಮಗಳನ್ನು ಅರವತ್ತು ದಿನಕ್ಕಿಂತ ಹೆಚ್ಚು ನೋಡಬೇಡ. ಆ ವರ್ಷ ನನ್ನ ಸಲಹೆ ಸರಿಯಾಗಿತ್ತು. ಆ ಒಂದು ವರ್ಷ.

ಆಮೇಲಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆ ಅರವತ್ತನ್ನು ನೀನು ಪಾಲಿಸಿದ ರೀತಿ ನೆನೆದರೆ ನನಗೆ ಈಗ ಊಟ ಇಳಿಯುವುದಿಲ್ಲ. ನಿನ್ನ ವಿಮಾನ ಹೀಥ್ರೋಗೆ ರಾತ್ರಿ ಒಂಬತ್ತಕ್ಕೆ ಬರುವುದಿದ್ದಾಗ ಅವಳು ಎದುರುಗೊಳ್ಳಲು ಬರುತ್ತೇನೆ ಎಂದಿದ್ದಳು. ನೀನು ಬೇಡವೆಂದೆ, ಆ ರಾತ್ರಿ ಉಳಿದ ಎರಡು ಮೂರು ಗಂಟೆಗೆ ಲೆಕ್ಕದಲ್ಲಿ ಒಂದು ದಿನ ಹೋಗುತ್ತದೆಂದು. ಅವಳ ಹದಿನೈದನೆಯ ಹುಟ್ಟುಹಬ್ಬಕ್ಕೆ ಸೈಕಲ್ ತಂದವನು ನಮ್ಮ ಮನೆ ಗ್ಯಾರೇಜಿನಲ್ಲಿ ಇಟ್ಟು, ಅವಳು ಬರುವ ಹತ್ತು ನಿಮಿಷ ಮೊದಲು ಬಸ್ಸು ಹತ್ತಿ ಹೋದೆ. "ಸೈಕಲ್ಲಿನ ಗಂಟೆ ಹೊಡೆದು ತೋರಿಸು ಶೇಷು, ಗಂಟೆ ಹಾಕ್ಸಿದ್ದು ನೋಡಿ ಅವಳಿಗೆ ಖುಷಿ ಆಗ್ತದೆ" ಎಂದು ಬಸ್ಸಿನಿಂದ ಫೋನ್ ಮಾಡಿದ್ದೆ. ನಾನು ಗಂಟೆ ಹೊಡೆದು ತೋರಿಸಿದೆ. ಅವಳು ಸುತ್ತ ನೋಡಿ "ಅಪ್ಪ ಎಲ್ಲಿ?" ಎಂದಳು.

ಕಂಪನಿ ಕೆಲಸಕ್ಕೆ ನೀನು ಇಲ್ಲೇ ಲಂಡನ್ನಿನ ಅಕ್ಸ್‌ಬ್ರಿಡ್ಜ್‌ಗೆ ನಾಲ್ಕೈದು ದಿನ ಬಂದು ಹೋಗುವಾಗಲೆಲ್ಲ ಅವಳಿಗೆ ಹೇಳುತ್ತಲೇ ಇರಲಿಲ್ಲ. ಹೇಳಿದರೆ ನೋಡದೆ ಹೋಗುವುದು ಹೇಗೆ ಎಂದು ನೀನು ಕೇಳಿದಾಗ ಹೇಳಬೇಡ ಎಂದವನೂ ನಾನೇ. ಹೋದ ವರ್ಷ ಜೂನ್‌ನಲ್ಲಿ ಏನಾಯಿತು ಎಂಬುದನ್ನು ಮಾತ್ರ ನಾನು ನಿನಗೆ ಈವರೆಗೆ ತಿಳಿಸಿಲ್ಲ. ಅವಳು ನಮ್ಮಲ್ಲಿದ್ದಳು. ಸಂಜೆ ಎಂಟಕ್ಕೆ ನೀನು ವಿಡಿಯೋ ಕಾಲ್ ಮಾಡಿದೆ, ದುಬೈಯಲ್ಲಿದ್ದೇನೆ ಎಂಬಂತೆಯೇ ಮಾತಾಡಿದೆ, ಅಲ್ಲಿಯ ಸೆಕೆಯನ್ನು ಬೈದೆ. ಅವಳು ಹೂಂ ಹೂಂ ಎಂದು ಕೇಳಿ, ಗುಡ್ ನೈಟ್ ಹೇಳಿ ಫೋನ್ ಇಟ್ಟಳು. ನಂತರ ನನ್ನ ಕಡೆ ತಿರುಗಿದಳು. ನಿನ್ನ ಹಿಂದಿನ ಕಿಟಕಿಯಲ್ಲಿ ಬಿಸಿಲಿತ್ತಂತೆ. ಜೂನ್ ತಿಂಗಳು, ಇಲ್ಲಿ ಆ ಹೊತ್ತಿಗೂ ಬಿಸಿಲಿರುತ್ತದೆ, ದುಬೈಯಲ್ಲಿ ಆಗ ರಾತ್ರಿ ಹನ್ನೊಂದು. "ಮಾಮ, ವೇರ್ ಈಸ್ ಹಿ?" ಎಂದಳು.

ನಾನು ಸುಳ್ಳು ಹೇಳಲಾರದೆ ನಿಯಮವನ್ನು ವಿವರಿಸಿದೆ. ನಿನ್ನಪ್ಪ ಮೋಸಗಾರನಲ್ಲ, ಕಾನೂನು ಹೀಗಿದೆ, ನಿನ್ನ ಭವಿಷ್ಯಕ್ಕೇ ಮಾಡುತ್ತಿರುವುದು ಎಂದೆಲ್ಲ. ಅವಳು ಫೋನಿನಲ್ಲಿ ಸರ್ಕಾರದ ವೆಬ್‌ಸೈಟ್ ತೆರೆದು ತಾನೇ ಓದಿದಳು. ಓದಿ ಮುಗಿಸಿ, "ಸೋ ಐ ಆ್ಯಮ್ ದ ಟೈ" ಎಂದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ. ಅವತ್ತಿನಿಂದ ನಿನ್ನ ಹತ್ತಿರ ಫೋನಿನಲ್ಲಿ ಮಾತು ಕಡಿಮೆ ಮಾಡಿದಳು, ನೀನು ಪರೀಕ್ಷೆಯ ಒತ್ತಡ ಅಂದುಕೊಂಡೆ, ನಾನು ಹೌದು ಹೌದು ಎಂದೆ.

ಡ್ರೈವಿಂಗ್ ವಿಷಯವೂ ಇದೆ. ಅವಳಿಗೆ ಹದಿನೇಳಾದಾಗ ನೀನು, "ಕಾರು ನಾನೇ ಕಲಿಸ್ತೇನೆ ಮಾರಾಯ, ಅದೊಂದಾದ್ರೂ ನಾನು ಮಾಡ್ಬೇಕು" ಎಂದಿದ್ದೆ. ಇಪ್ಪತ್ತು ಇಪ್ಪತ್ತೈದು ದಿನ ಅದಕ್ಕೇ ಹೋಗುತ್ತದೆ, ನಿನ್ನ ಹತ್ತಿರ ಇರುವುದೇ ಅರವತ್ತು, ಕ್ರಿಸ್ಮಸ್‌ಗೆ ಏನು ಮಾಡುತ್ತೀ ಎಂದೆ ನಾನು. ನೀನು ಒಪ್ಪಿದೆ. ವೈದೇಹಿಗೆ ಆಸ್ಪತ್ರೆಯ ಫಾರ್ಮಸಿಯಲ್ಲಿ ಶನಿವಾರವೂ ಡ್ಯೂಟಿ, ಹುಡುಗಿ ಶನಿವಾರ ಹೇಗೂ ನಮ್ಮಲ್ಲಿಗೇ ಬರುತ್ತಿದ್ದಳು. ನನ್ನ ಹಳೇ ಕಾರಿಗೆ ಎಲ್ ಬೋರ್ಡ್ ಅಂಟಿಸಿ ನಾನು ಕಲಿಸಿದೆ. ಮೊದಲ ಸಲಕ್ಕೇ ಪಾಸಾದಳು.

ಇನ್ನು ಮಾರ್ಚ್. ಅದನ್ನು ಬರೆಯದೆ ಮುಂದೆ ಹೋಗಲಾರೆ. ಈ ವರ್ಷದ ಮಾರ್ಚ್ ಇಪ್ಪತ್ತೆರಡು, ಶನಿವಾರ. ವೈದೇಹಿ ತಾಯಿಯ ಸೊಂಟದ ಮೂಳೆ ಮುರಿದಿದೆ ಎಂದು ಕುಂದಾಪುರಕ್ಕೆ ಹೋಗಿದ್ದಳು, ಪ್ರೇಕ್ಷಾ ನಮ್ಮಲ್ಲಿದ್ದಳು. ಹಿಂದಿನ ಸಂಜೆ ಹೊಟ್ಟೆನೋವು ಶುರುವಾಗಿ ಬೆಳಗ್ಗೆ ಅಪೆಂಡಿಕ್ಸ್ ಎಂದು ಗೊತ್ತಾಗಿ ಆಪರೇಷನ್‌ಗೆ ಕರೆದುಕೊಂಡು ಹೋದರು. ನೀನು ಅಕ್ಸ್‌ಬ್ರಿಡ್ಜ್‌ನಲ್ಲಿದ್ದೆ. ನಿನ್ನ ಅರವತ್ತು ದಿನ ಫೆಬ್ರವರಿಯ ರಜೆಗೇ ಮುಗಿದುಹೋಗಿತ್ತು.

"ಶೇಷು, ನಾನು ಬರ್ತೇನೆ. ಟ್ಯಾಕ್ಸಿ ಹಿಡಿದ್ರೆ ಒಂದು ಗಂಟೆ. ಎಂತ ಆಗ್ತದೋ ಆಗ್ಲಿ" ಎಂದೆ.

"ಅರವತ್ತೊಂದಾಗತ್ತೆ ಉದಯ. ಇಡೀ ವರ್ಷ ಕಟ್ಟಿದ್ದು ಎರಡು ವಾರಕ್ಕೋಸ್ಕರ ಹೋಗತ್ತೆ. ಸಣ್ಣ ಆಪರೇಷನ್ನು, ನಾನಿದೀನಲ್ಲ. ಏಪ್ರಿಲ್ ಆರಕ್ಕೆ ಬಾ."

"ಆಸ್ಪತ್ರೆಯದ್ದು, ಇಂಥದ್ದಕ್ಕೆಲ್ಲ ವಿನಾಯಿತಿ ಎಂತದೂ ಇಲ್ವಾ?"

"ಇದಕ್ಕಿಲ್ಲ."

ನಿನ್ನ ಹಿಂದೆ ಹೋಟೆಲಿನ ಲಿಫ್ಟ್ ಬಾಗಿಲು ತೆರೆಯುವ, ಮುಚ್ಚುವ ಸದ್ದು ಕೇಳುತ್ತಿತ್ತು. ಕೊನೆಗೆ ನೀನು "ಆರನೇ ತಾರೀಕು ಭಾನುವಾರ ಅಲ್ವಾ?" ಎಂದು ಕೇಳಿ ಫೋನ್ ಇಟ್ಟೆ. ಆರನೇ ತಾರೀಕು ಬೆಳಗ್ಗೆ ಎಂಟಕ್ಕೇ ನೀನು ಹೂವಿನ ಜೊತೆ ಬಂದು ಅವಳ ಮನೆಯ ಬೆಲ್ ಒತ್ತಿದೆ. ಬಾಗಿಲು ತೆಗೆದವಳು "ಹ್ಯಾಪಿ ನ್ಯೂ ಇಯರ್, ಅಪ್ಪ" ಎಂದಳಂತೆ. ನೀನು ನನಗೆ ಇದನ್ನು ಹೇಳುವಾಗ ನಗಲು ಪ್ರಯತ್ನ ಪಟ್ಟೆ.

5 ನವೆಂಬರ್, ಬುಧವಾರ

ಮೂರು ದಿನ ಪತ್ರ ಮೇಜಿನ ಮೇಲೇ ಇತ್ತು. ಹೊರಗೆ ಪಟಾಕಿ ಹೊಡೆಯುತ್ತಿದ್ದಾರೆ, ಇವರ ನವೆಂಬರ್ ಐದರ ಹಬ್ಬ. ಪಕ್ಕದ ಮನೆಯ ನಾಯಿ ಸೋಫಾ ಕೆಳಗೆ ಸೇರಿ ಅಳುತ್ತಿರುವುದು ಗೋಡೆಯಾಚೆಯಿಂದ ಕೇಳುತ್ತಿದೆ. ಇವತ್ತು ಮುಗಿಸದಿದ್ದರೆ ವಂದನಾ ತಾನೇ ಬರೆಯುತ್ತಾಳಂತೆ.

ನನ್ನ ತಪ್ಪು ಏನೆಂದು ಹೇಳುತ್ತೇನೆ, ಗಮನವಿಟ್ಟು ಓದು. ನಂಟುಗಳ ಲೆಕ್ಕ ಬರುವುದು ಈ ನಿಯಮದ ಕೊನೆಯಲ್ಲಿ. ಅದಕ್ಕೂ ಮೊದಲು ಒಂದು ಪ್ರಶ್ನೆ ಇದೆ: ಈ ಮನುಷ್ಯ ಇಡೀ ವರ್ಷ, ದೊಡ್ಡ ಬಿಡುವಿಲ್ಲದೆ, ಹೊರದೇಶದಲ್ಲಿ ಪೂರ್ತಿ ಕೆಲಸ ಮಾಡಿದ್ದಾನೆಯೇ? ಇಲ್ಲಿ ಕಳೆದ ರಾತ್ರಿಗಳು ತೊಂಬತ್ತೊಂದಕ್ಕಿಂತ ಕಡಿಮೆಯೇ? ಇಲ್ಲಿ ಕೆಲಸ ಮಾಡಿದ ದಿನಗಳು ಮೂವತ್ತೊಂದಕ್ಕಿಂತ ಕಡಿಮೆಯೇ? ಮೂರಕ್ಕೂ ಹೌದು ಎಂದಾದರೆ ಅವನು ಇಲ್ಲಿಯ ನಿವಾಸಿಯಲ್ಲ. ಅಲ್ಲಿಗೆ ಮುಗಿಯಿತು. ನಂಟು ಎಷ್ಟಿವೆ ಎಂದು ಯಾರೂ ಕೇಳುವುದಿಲ್ಲ. ಮಗಳನ್ನು ಎಷ್ಟು ದಿನ ನೋಡಿದ ಎಂದು ಯಾರೂ ಕೇಳುವುದಿಲ್ಲ.

2022ರ ಜನವರಿಯಲ್ಲಿ ನಿನಗೆ ಹೊಸ ಕೆಲಸ ಸಿಕ್ಕಿತು. ಅವತ್ತಿನಿಂದ ಇವತ್ತಿನವರೆಗೆ ಅದೇ ಕೆಲಸ, ಬಿಡುವಿಲ್ಲ. ಅಂದರೆ ಆ ಏಪ್ರಿಲ್‌ನಿಂದ ಪ್ರತಿ ವರ್ಷವೂ ನಿನ್ನ ಉತ್ತರ ಮೂರಕ್ಕೂ ಹೌದು. ಅರವತ್ತರ ಕಟ್ಟು ನಿನಗೆ ಮೂರೂವರೆ ವರ್ಷದಿಂದ ಇರಲೇ ಇಲ್ಲ. ವರ್ಷಕ್ಕೆ ತೊಂಬತ್ತು ರಾತ್ರಿ ಇಲ್ಲಿದ್ದು ತೊಂಬತ್ತು ದಿನವೂ ಅವಳನ್ನು ನೋಡಬಹುದಿತ್ತು. ಅಕ್ಸ್‌ಬ್ರಿಡ್ಜ್‌ನಲ್ಲಿದ್ದ ಪ್ರತಿ ಸಂಜೆಯೂ ಬರಬಹುದಿತ್ತು. ಮಾರ್ಚ್ ಇಪ್ಪತ್ತೆರಡಕ್ಕೂ ಬರಬಹುದಿತ್ತು.

ಹೇಗಾಯಿತು ಎಂದು ನೀನು ಕೇಳುತ್ತೀ. ಮೈಸೂರಿನಲ್ಲಿ ನಾನು ಕೆಲಸ ಕಲಿತ ಆಡಿಟರ್ ಆಫೀಸಿನಲ್ಲಿ ಒಂದು ಅಭ್ಯಾಸವಿತ್ತು. ಗಿರಾಕಿಯ ಫೈಲಿನಲ್ಲಿ ಬದಲಾವಣೆ ಏನೂ ಇಲ್ಲದಿದ್ದರೆ ಮೂಲೆಯಲ್ಲಿ ಪೆನ್ಸಿಲಿನಿಂದ "ಹೋ.ವ." ಎಂದು ಬರೆಯುವುದು. ಹೋದ ವರ್ಷದಂತೆಯೇ. ನಲವತ್ತು ವರ್ಷ ನಾನು ಅದನ್ನು ಬಿಡಲಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ನಿನ್ನನ್ನು ಕೇಳುತ್ತಿದ್ದೆ, "ಏನಾದ್ರೂ ಬದಲಾವಣೆ ಇದೆಯೇನೋ?" ನೀನು, "ಎಂತದೂ ಇಲ್ಲ, ಎಲ್ಲ ಹಾಗೇ ಉಂಟು" ಎನ್ನುತ್ತಿದ್ದೆ. ಕೆಲಸ ಬದಲಾಗಿಲ್ಲ ಎಂಬ ಅರ್ಥದಲ್ಲಿ ನೀನು ಹೇಳಿದ್ದು ನಿಜವೇ. ಆದರೆ ಕೆಲಸ ಬದಲಾಗದೆ ಉಳಿದದ್ದೇ ದೊಡ್ಡ ಬದಲಾವಣೆ ಎಂದು ಹೊಳೆಯಬೇಕಾದ್ದು ನಿನಗಲ್ಲ, ನನಗೆ. ನಾನು ಫೈಲಿನ ಮೂಲೆಯಲ್ಲಿ ಹೋ.ವ. ಎಂದು ಬರೆದೆ, ಹಳೆಯ ಪತ್ರ ತೆರೆದೆ, ತಾರೀಕು ಬದಲಿಸಿದೆ, ವರ್ಷ ಬದಲಿಸಿದೆ, ಅರವತ್ತನ್ನು ಹಾಗೇ ಬಿಟ್ಟೆ, ಸಹಿ ಹಾಕಿದೆ. ಒಂದು ಪತ್ರಕ್ಕೆ ಹತ್ತು ನಿಮಿಷ ಕೂಡ ಹಿಡಿಯುತ್ತಿರಲಿಲ್ಲ.

ಗೊತ್ತಾದದ್ದು ಸುಧೀರನಿಂದ. ನಿನಗೆ ಅವನು ಗೊತ್ತಲ್ಲ, ರಿಯಾದಿಗೆ ಹೋದವನು, ರೇನರ್ಸ್ ಲೇನ್‌ನ ಹೋಟೆಲಿನಲ್ಲಿ ಎಲ್ಲರಿಗೂ ಊಟ ಹಾಕಿಸಿ ಹೊರಟನಲ್ಲ. ಅವನಿಗೂ ಇಲ್ಲಿ ಇಬ್ಬರು ಚಿಕ್ಕ ಮಕ್ಕಳು. ಮಕ್ಕಳನ್ನು ಎಷ್ಟು ದಿನ ನೋಡಬಹುದು ಎಂದು ಕೇಳಿದ. ನಾನು ನಿನ್ನ ಪತ್ರವನ್ನೇ ತೆಗೆದು ಅವನ ಹೆಸರು ಹಾಕಲು ಹೊರಟೆ. ಅವನು ಸಂಶಯದ ಪ್ರಾಣಿ. "ಎಲ್ಲಿ ಬರ್ದಿದೆ ಸಾರ್, ಪುಟ ತೋರಿಸಿ" ಎಂದು ಎದುರಿಗೇ ಕುಳಿತ. ಪುಟ ಹುಡುಕಲು ನಿಯಮದ ಪುಸ್ತಕವನ್ನು ಮೊದಲಿನಿಂದ ತೆರೆದೆ. ಮೊದಲ ಪುಟಗಳಲ್ಲೇ ಆ ಪ್ರಶ್ನೆ ಇತ್ತು. ಸುಧೀರನಿಗೆ ತೊಂಬತ್ತು ದಿನ ಆರಾಮವಾಗಿ ನೋಡಪ್ಪ ಎಂದು ಹೇಳಿ ಕಳಿಸಿದೆ. ಅವನು ಖುಷಿಯಿಂದ ನನ್ನ ಕೈ ಕುಲುಕಿದ. ಅವನು ಮೆಟ್ಟಿಲಿಳಿದು ಹೋದ ಮೇಲೆ ನಾನು ನಿನ್ನ ಫೈಲು ತೆಗೆದು ಕೂತೆ.

ಈಗ ಮಾಡಬೇಕಾದ್ದು. ಪ್ರೇಕ್ಷಾಗೆ ಇಂಗ್ಲಿಷಿನಲ್ಲಿ ಬೇರೆಯೇ ಪತ್ರ ಬರೆದು, ಲೆಟರ್‌ಹೆಡ್ ಮೇಲೆ ಸಹಿ ಹಾಕಿ, ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ನಿನ್ನ ತಂದೆ ನಿನ್ನನ್ನು ನೋಡದೆ ಇದ್ದದ್ದು ನನ್ನ ಮಾತು ನಂಬಿ, ಆ ಮಾತು ತಪ್ಪಾಗಿತ್ತು ಎಂದು ಅದರಲ್ಲಿದೆ. ಅವಳು ಕಾಗದದಲ್ಲಿ ಇದ್ದದ್ದನ್ನು ನಂಬುವ ಹುಡುಗಿ. ನನ್ನ ಮೇಲೆ ನಮ್ಮ ಲೆಕ್ಕಿಗರ ಸಂಸ್ಥೆಗೆ ದೂರು ಕೊಡುವ ಹಕ್ಕು ನಿನಗಿದೆ, ಅದರ ವಿಳಾಸವನ್ನೂ ಬರೆದಿಟ್ಟಿದ್ದೇನೆ. ಕೊಡು. ನಾನು ಒಂದು ಮಾತೂ ಎದುರಾಡುವುದಿಲ್ಲ. ಹೋದ ದಿನಗಳನ್ನು ಯಾವ ಸಂಸ್ಥೆಯೂ ವಾಪಸ್ಸು ಕೊಡುವುದಿಲ್ಲ ಎಂಬುದು ನನಗೂ ಗೊತ್ತು. ಹದಿನಾಲ್ಕು, ಹದಿನೈದು, ಹದಿನಾರು, ಹದಿನೇಳು. ಮಗಳು ಇಷ್ಟೆಲ್ಲ ದೊಡ್ಡವಳಾದದ್ದನ್ನು ನೀನು ಕಂತಿನಲ್ಲಿ ನೋಡಿದೆ. ನನಗೆ ನಾಚಿಕೆಯಾಗುತ್ತದೆ, ಉದಯ. ಕ್ಷಮಿಸು ಎಂದು ಕೇಳಲೂ ನಾಚಿಕೆಯಾಗುತ್ತದೆ.

ಟಿಕೆಟ್ ತೆಗೆ. ಅವಳು ಬೇಡವೆಂದರೂ ತೆಗೆ. ಲೀಡ್ಸ್‌ಗೆ ಹೋಗಿ ಅವಳ ಹಾಸ್ಟೆಲಿನ ಹೊರಗೆ ನಿಲ್ಲು. ಬೈದರೆ ಬೈಸಿಕೋ. ಇಪ್ಪತ್ತು ವರ್ಷದಲ್ಲಿ ನನ್ನ ಯಾವ ಸಲಹೆಯನ್ನೂ ನೀನು ಮೀರಿದವನಲ್ಲ, ಇದೊಂದನ್ನು ಕೊನೆಯದಾಗಿ ಕೇಳು.

ನಿನ್ನ ಬಿಪಿ ಮಾತ್ರೆ ತಪ್ಪಿಸಬೇಡ. ನಿನಗೂ ನಿನ್ನ ಮಗಳಿಗೂ ಒಳ್ಳೆಯದಾಗಲಿ, ಅವಳ ಮುಂದಿನ ವರ್ಷಗಳಾದರೂ ನಿನ್ನ ಕಣ್ಣೆದುರಿಗೇ ಕಳೆಯಲಿ ಎಂದು ಹಿರಿಯನಾಗಿ ಹರಸುತ್ತೇನೆ. ಹರಸುವ ಅಧಿಕಾರ ಇನ್ನೂ ನನಗೆ ಉಳಿದಿದ್ದರೆ.

ನಿನ್ನ,
ಶೇಷಾದ್ರಿ

ಮ.ವಿ.: ಈ ಹಾಳೆಯನ್ನು ಬೇರೆಯಾಗಿ ಮಡಿಸಿಟ್ಟಿದ್ದೇನೆ. ಮೇಲಿನದನ್ನು ವಂದನಾ ಓದಿದ್ದಾಳೆ, ಇದನ್ನು ಓದಿಲ್ಲ. ವೈದೇಹಿಗೂ ಮಗಳಿಗೂ ತೋರಿಸುವುದು ಬಿಡುವುದು ನಿನ್ನಿಷ್ಟ.

ಸುಧೀರ ರಿಯಾದಿಗೆ ಹೋದದ್ದು ಯಾವಾಗ ಎಂದು ನೀನು ನೆನಪು ಮಾಡಿಕೊಳ್ಳುವ ಮೊದಲು ನಾನೇ ಹೇಳಿಬಿಡುತ್ತೇನೆ. 2023ರ ಅಕ್ಟೋಬರ್. ಎರಡು ವರ್ಷವಾಯಿತು. ಅವತ್ತು ನಿನ್ನ ಫೈಲು ತೆಗೆದು ಕೂತವನು ನಿನಗೆ ಫೋನ್ ಮಾಡಲು ನಂಬರನ್ನೂ ತೆಗೆದಿದ್ದೆ. ಅವತ್ತು ಶುಕ್ರವಾರ. ಮರುದಿನ ಅವಳು ಬರುವ ದಿನ. ವಂದನಾ ಆಗಲೇ ಹೆಸರುಕಾಳು ನೆನೆಹಾಕಿದ್ದಳು. ನಾನು ಹೇಳಿದರೆ ಶನಿವಾರಗಳು ನಿನ್ನವಾಗುತ್ತವೆ ಎಂದು ಒಂದು ಕ್ಷಣ ಅನ್ನಿಸಿತು. ಸೋಮವಾರ ಹೇಳೋಣ ಎಂದುಕೊಂಡೆ. ನಮಗೆ ಮಕ್ಕಳಿಲ್ಲದ್ದನ್ನು ನೀನು ಇಷ್ಟು ವರ್ಷದಲ್ಲಿ ಒಂದು ಸಲವೂ ಎತ್ತಿ ಆಡಿದವನಲ್ಲ, ಅದಕ್ಕೇ ನಿನಗೆ ಇದನ್ನು ಹೇಳುವುದು ಇನ್ನೂ ಕಷ್ಟ. ಮುಂದಿನ ಏಪ್ರಿಲ್‌ನಲ್ಲಿ ಎಲ್ಲ ಗೊತ್ತಿದ್ದೂ ಹಳೆಯ ಪತ್ರ ತೆರೆದು ತಾರೀಕು ಬದಲಿಸಿದೆ. ಅದರ ಮುಂದಿನ ಏಪ್ರಿಲ್‌ನಲ್ಲೂ. ಕಾರು ನೀನು ಕಲಿಸುತ್ತೇನೆ ಎಂದಾಗಲೂ ಗೊತ್ತಿತ್ತು. ಮಾರ್ಚ್‌ನಲ್ಲಿ ನೀನು ವಿನಾಯಿತಿ ಇಲ್ಲವಾ ಎಂದು ಕೇಳಿದಾಗಲೂ ಗೊತ್ತಿತ್ತು.

ಅವತ್ತು ಮಧ್ಯಾಹ್ನ ಎರಡಕ್ಕೆ ಅವಳನ್ನು ವಾರ್ಡಿಗೆ ತಂದರು. ವಂದನಾ ಬಟ್ಟೆ ತರಲು ಮನೆಗೆ ಹೋಗಿದ್ದಳು. ಪ್ರೇಕ್ಷಾ ಇನ್ನೂ ಮಂಪರಿನಲ್ಲಿ "ಅಪ್ಪ ಬಂದ್ರಾ?" ಎಂದಳು. ನರ್ಸ್ ಕೇರಳದವಳು, ಆ ಪದ ಅವಳಿಗೆ ತಿಳಿಯಿತು. ನೀವೇನಾ ತಂದೆ ಎಂದು ನನ್ನನ್ನು ಕೇಳಿದಳು. ನಾನು ಹೌದು ಎಂದೆ. ನರ್ಸ್ ಕುರ್ಚಿಯನ್ನು ಹಾಸಿಗೆಯ ಪಕ್ಕಕ್ಕೆ ಎಳೆದುಕೊಟ್ಟಳು. ಪ್ರೇಕ್ಷಾ ಕಣ್ಣು ಮುಚ್ಚಿಕೊಂಡೇ ನನ್ನ ಕೈ ಹುಡುಕಿ ಹಿಡಿದುಕೊಂಡಳು, ಒಂದು ಗಂಟೆ ಬಿಡಲಿಲ್ಲ. ಆಮೇಲೆ ಎಚ್ಚರವಾಗಿ ಕಣ್ಣು ಬಿಟ್ಟಳು, ನನ್ನ ಮುಖ ನೋಡಿದಳು, ಕೈ ಬಿಡಿಸಿಕೊಂಡಳು.